ಯಾವ ಹೆಂಡ್ರಿಕ್?

ಮೈಸೂರಿನಲ್ಲಿ ಗೆಳೆಯರ ಒಂದು ಪುಟ್ಟ ಕೂಟದಲ್ಲಿ ಆಡಿದ ಮಾತು ಇದು. ಪರದೆಯ ಮೇಲೆ ಚಿತ್ರ ತೋರಿಸುತ್ತಾ ಮಾತಾಡಿದ್ದೆ. ಇಲ್ಲಿ ಚಿತ್ರಗಳಿಲ್ಲ. ಆ ಜಾಗಗಳಲ್ಲಿ ಎರಡೆರಡು ಮಾತು ಜಾಸ್ತಿ ಸೇರಿಸಿದ್ದೇನೆ, ಅಷ್ಟೇ.

ಎಲ್ಲರಿಗೂ ನಮಸ್ಕಾರ.

ಒಂದು ತಪ್ಪಿನಿಂದ ಶುರು ಮಾಡುತ್ತೇನೆ. ತಪ್ಪು ನನ್ನದೇ. ಕೆಲವು ವರ್ಷಗಳ ಹಿಂದೆ ಹಳೇ ಅಚ್ಚುಚಿತ್ರಗಳ ಬಗ್ಗೆ ಪಾಠ ಮಾಡುತ್ತಿದ್ದೆ. 1630ರ ಒಂದು ವಿಶ್ವನಕ್ಷೆ ತೋರಿಸಿದೆ. 'ಇದು ಹೆಂಡ್ರಿಕ್ ಹೊಂಡಿಯಸ್‌ನದು. ಹೇಗ್ ಪಟ್ಟಣದಲ್ಲಿದ್ದವನು. ಚಿತ್ರಕಾರ ಬ್ರೂಗೆಲ್‌ನ ಚಿತ್ರಗಳನ್ನೂ ತಾಮ್ರದ ಮೇಲೆ ಕೆತ್ತಿದ್ದ' ಅಂತ ಗಂಭೀರವಾಗಿ ಹೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಫೋನ್ ನೋಡಿ ಕೈ ಎತ್ತಿದಳು. 'ಸರ್, ಇವನು ಆಮ್‌ಸ್ಟರ್‌ಡ್ಯಾಮಿನವನು ಅಂತಿದೆ. ನೀವು ಹೇಳ್ತಿರೋದು ಯಾವ ಹೆಂಡ್ರಿಕ್?'

ನನಗೆ ಉತ್ತರ ಗೊತ್ತಿರಲಿಲ್ಲ. ಇಬ್ಬರಿದ್ದಾರೆ ಅನ್ನುವುದೇ ಗೊತ್ತಿರಲಿಲ್ಲ. ಅವತ್ತು ರಾತ್ರಿ ಹುಡುಕುತ್ತಾ ಕೂತೆ. ಹೆಂಡ್ರಿಕ್‌ಗಳು ಒಬ್ಬರ ಹಿಂದೆ ಒಬ್ಬರು ಬರತೊಡಗಿದರು. ಹೆಂಡ್ರಿಕ್ ಗೋಲ್ಟ್ಸಿಯಸ್, ಹೆಂಡ್ರಿಕ್ ವ್ರೋಮ್, ಹೆಂಡ್ರಿಕ್ ಆವರ್‌ಕಾಂಪ್, ಹೆಂಡ್ರಿಕ್ ಟೆರ್ ಬ್ರುಗ್ಗೆನ್, ಹೆಂಡ್ರಿಕ್ ಗೌಟ್, ಹೆಂಡ್ರಿಕ್ ಪೋಟ್, ಹೆಂಡ್ರಿಕ್ ಬ್ಲೂಮಾರ್ಟ್. ಎಲ್ಲರೂ ಹೆಚ್ಚುಕಡಿಮೆ ಒಂದೇ ಕಾಲದವರು. ಎಲ್ಲರೂ ಕೈಯಲ್ಲಿ ಕುಂಚವನ್ನೋ ಉಳಿಯನ್ನೋ ಹಿಡಿದವರು. ಇವತ್ತಿನ ಮಾತು ಇವರದ್ದು. ಎಲ್ಲರ ಬಗ್ಗೆ ಹೇಳಲು ಹೋದರೆ ಊಟದ ಹೊತ್ತಾಗುತ್ತದೆ. ನನಗಿಷ್ಟವಾದವರನ್ನು ಮಾತ್ರ ಆರಿಸಿಕೊಂಡಿದ್ದೇನೆ.

ಮೊದಲು ಹೆಸರು. ಹೆಂಡ್ರಿಕ್ ಹಳೇ ಜರ್ಮಾನಿಕ್ ಹೆಸರು. 'ಮನೆ' ಮತ್ತು 'ಒಡೆಯ' ಅನ್ನುವ ಅರ್ಥದ ಎರಡು ಮಾತು ಕೂಡಿ ಆದದ್ದು. ಮನೆಯ ಯಜಮಾನ ಅಂತಿಟ್ಟುಕೊಳ್ಳಿ. ಇಂಗ್ಲಿಷರ ಹೆನ್ರಿ, ಜರ್ಮನರ ಹೈನ್ರಿಖ್, ಇಟಲಿಯ ಎನ್ರಿಕೊ ಎಲ್ಲ ಇದೇ ಹೆಸರು. ಓದು ಬಲ್ಲವರು ಸಹಿ ಹಾಕುವಾಗ ಲ್ಯಾಟಿನ್ ಮಾಡಿ ಹೆನ್ರಿಕಸ್ ಅಂತ ಬರೆಯುತ್ತಿದ್ದರು.

ಡಚ್ಚರಲ್ಲಿ ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದು ರೂಢಿ. ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಹೆಸರು ಸುತ್ತಿ ಸುತ್ತಿ ಅದೇ ಮನೆಗೆ ಬರುತ್ತಿತ್ತು. ಒಂದು ಬೀದಿಯಲ್ಲಿ ನಾಲ್ಕು ಹೆಂಡ್ರಿಕ್ ಇದ್ದರೆ ಗುರುತು ಹೇಗೆ? ಅಪ್ಪನ ಹೆಸರಿನಿಂದ. ಕಾರ್ನೆಲಿಸನ ಮಗ ಹೆಂಡ್ರಿಕ್ ಅಂದರೆ 'ಹೆಂಡ್ರಿಕ್ ಕಾರ್ನೆಲಿಸ್‌ಜೋನ್'. 'ಜೋನ್' ಅಂದರೆ ಮಗ. ಬರೆಯುವಾಗ ಅದನ್ನು ಒಂದೇ ಅಕ್ಷರಕ್ಕೆ ಮೊಟಕು ಮಾಡಿ ಚುಕ್ಕೆ ಇಡುತ್ತಿದ್ದರು. ನಮ್ಮ ಇನಿಷಿಯಲ್ ಮುಂದೆ ಬರುತ್ತದೆ, ಅವರದು ಹಿಂದೆ. ಮನೆತನದ ಹೆಸರು ಇದ್ದರೂ ಇತ್ತು, ಇಲ್ಲದಿದ್ದರೂ ನಡೆಯುತ್ತಿತ್ತು.

ಬೀದಿಯಲ್ಲಿ ಇದು ಸಾಕು. ಆದರೆ ಅಚ್ಚುಚಿತ್ರ ಬೀದಿ ದಾಟಿ ಹೋಗುವ ವಸ್ತು. ಡಚ್ಚರ ಊರಾದ ಹಾರ್ಲೆಮ್‌ನಲ್ಲಿ ಅಚ್ಚಾದ ಹಾಳೆ ರೋಮಿನಲ್ಲಿ ಮಾರಾಟವಾಗುತ್ತಿತ್ತು. ಅಲ್ಲಿ ಇವನ ಅಪ್ಪ ಯಾರಿಗೆ ಗೊತ್ತು? ಅದಕ್ಕೇ ಹಾಳೆಯ ಕೆಳಗೆ ಒಂದು ಚಿಕ್ಕ ಲೆಕ್ಕಾಚಾರ ಇರುತ್ತದೆ. ಎಲ್ಲ ಲ್ಯಾಟಿನ್ ಮಾತುಗಳ ತುಂಡು. 'ಇನ್ವ್.' ಅಂತ ಇದ್ದರೆ ಚಿತ್ರ ಕಲ್ಪಿಸಿದವನು. 'ಸ್ಕಲ್ಪ್.' ಅಂತಿದ್ದರೆ ತಾಮ್ರದ ತಗಡಿನ ಮೇಲೆ ಕಂಡರಿಸಿದವನು. 'ಎಕ್ಸ್‌ಕುಡ್.' ಅಂದರೆ ಅಚ್ಚು ಹಾಕಿ ಮಾರಿದವನು, ದುಡ್ಡು ಹಾಕಿದ ಧಣಿ. ಕೆಲವೊಮ್ಮೆ ಮೂವರೂ ಒಬ್ಬನೇ. ಕೆಲವೊಮ್ಮೆ ಮೂವರು ಬೇರೆ, ಮೂವರೂ ಹೆಂಡ್ರಿಕ್‌ಗಳೇ ಆಗಿಬಿಡಬಹುದು. ನನ್ನಂಥವರು ಬೀಳುವುದು ಇಲ್ಲೇ.

ಈಗ ಆ ಹುಡುಗಿಯ ಪ್ರಶ್ನೆ. ಮೊದಲನೇ ಹೆಂಡ್ರಿಕ್ ಹೊಂಡಿಯಸ್ ಹುಟ್ಟಿದ್ದು 1573ರಲ್ಲಿ, ಈಗಿನ ಬೆಲ್ಜಿಯಮ್ಮಿನ ಡಫೆಲ್ ಎಂಬಲ್ಲಿ. 1597ರ ಹೊತ್ತಿಗೆ ಹೇಗ್ ಸೇರಿದ. ತಾನೇ ಕೆತ್ತುತ್ತಿದ್ದ, ತಾನೇ ಅಚ್ಚು ಹಾಕಿ ಮಾರುತ್ತಿದ್ದ. 1610ರಲ್ಲಿ ತನ್ನ ನಾಡಿನ ಹೆಸರಾಂತ ಚಿತ್ರಕಾರರ ಮುಖಗಳ ಒಂದು ಸರಣಿ ತಂದ. ಅದಕ್ಕೂ ಮುಂಚೆ, 1572ರಲ್ಲಿ, ಆಂಟ್‌ವರ್ಪ್‌ನಲ್ಲಿ ಇಂಥದೇ 23 ಮುಖಗಳ ಸರಣಿ ಬಂದಿತ್ತು. ಇವನು ಅದನ್ನು ಅರವತ್ತರ ಮೇಲಕ್ಕೆ ಬೆಳೆಸಿದ. 1642ರಲ್ಲಿ, ಎಪ್ಪತ್ತರ ಹತ್ತಿರದ ಮುದುಕ, ಬ್ರೂಗೆಲ್‌ನ ಒಂದು ರೇಖಾಚಿತ್ರ ಹಿಡಿದು ಕೆತ್ತನೆ ಮಾಡಿದ. ಮೂರ್ಛೆರೋಗದ ಹೆಂಗಸರನ್ನು ಇಬ್ಬಿಬ್ಬರು ಗಂಡಸರು ರಟ್ಟೆ ಹಿಡಿದು ಚರ್ಚಿನ ಕಡೆಗೆ ಕರೆದುಕೊಂಡು ಹೋಗುವ ಚಿತ್ರ. 1650ರಲ್ಲಿ ತೀರಿಕೊಂಡ.

ಎರಡನೆಯವನು ಹುಟ್ಟಿದ್ದು ಅದೇ 1597ರಲ್ಲಿ, ಆಮ್‌ಸ್ಟರ್‌ಡ್ಯಾಮಿನಲ್ಲಿ. ಇವನಪ್ಪ ಯೊಡೋಕಸ್ ಹೊಂಡಿಯಸ್. ಮರ್ಕೇಟರ್‌ನ ನಕ್ಷೆಗಳ ತಾಮ್ರದ ತಗಡುಗಳನ್ನು ಕೊಂಡು 1606ರಲ್ಲಿ ಅಟ್ಲಾಸ್ ಹೊರತಂದ ದೊಡ್ಡ ಕುಳ. ಹೇಗ್‌ನ ಹೆಂಡ್ರಿಕ್‌ಗೂ ಈ ಮನೆಗೂ ರಕ್ತಸಂಬಂಧವಿಲ್ಲ. 'ಹೊಂಟ್' ಅಂದರೆ ಡಚ್ ಭಾಷೆಯಲ್ಲಿ ನಾಯಿ. ಎರಡೂ ಮನೆಯವರು ಆ ನಾಯಿಗೆ ಲ್ಯಾಟಿನ್ ಬಾಲ ಸೇರಿಸಿ ಹೊಂಡಿಯಸ್ ಆದರು. ಯೊಡೋಕಸ್ ಅಂತೂ ತನ್ನ ಅಂಗಡಿಗೆ 'ಕಾವಲು ನಾಯಿ' ಅಂತಲೇ ಬೋರ್ಡು ಹಾಕಿದ್ದ. ಈ ಕಿರಿಯ ಹೆಂಡ್ರಿಕ್ ತೀರಿಕೊಂಡಿದ್ದು 1651ರಲ್ಲಿ. ಹಿರಿಯನಿಗಿಂತ ಒಂದೇ ವರ್ಷ ಆಚೆ. ಇಬ್ಬರೂ ನಕ್ಷೆ ಮಾರಿದರು. ಇಬ್ಬರ ಹಾಳೆಯ ಕೆಳಗೂ ಒಂದೇ ಹೆಸರು. ಜೊತೆಯಲ್ಲಿರುವ ಊರಿನ ಹೆಸರು ನೋಡಬೇಕು. ನಾನು ನೋಡಿರಲಿಲ್ಲ.

ಆ 1630ರ ವಿಶ್ವನಕ್ಷೆಯ ಬಗ್ಗೆ ಸ್ವಲ್ಪ ಹೇಳಲೇಬೇಕು. 1629ರಲ್ಲಿ ಈ ಕಿರಿಯ ಹೆಂಡ್ರಿಕ್‌ನ ಅಣ್ಣ ತೀರಿಕೊಂಡ. ಅವನ ಹತ್ತಿರ ಇದ್ದ ಸುಮಾರು 40 ತಾಮ್ರದ ತಗಡುಗಳನ್ನು ಎದುರಾಳಿ ವಿಲೆಮ್ ಬ್ಲಾವ್ ಕೊಂಡುಕೊಂಡ. ಮಾರನೇ ವರ್ಷವೇ ಅವುಗಳಿಂದ ತನ್ನ ಅಟ್ಲಾಸ್ ಮಾಡಿಕೊಂಡ. ಮನೆಯ ಬಂಡವಾಳ ಎದುರು ಅಂಗಡಿಗೆ ಹೋದ ಹಾಗೆ! ಹೆಂಡ್ರಿಕ್ ಮತ್ತು ಅವನ ಭಾವ ಯಾನ್ಸೋನಿಯಸ್ ಆತುರಾತುರವಾಗಿ ಅವೇ ನಕ್ಷೆಗಳನ್ನು ಮತ್ತೆ ಕೆತ್ತಿಸಿದರು. ಅದೇ ಸಮಯದಲ್ಲಿ ಬಂದದ್ದು ಈ ವಿಶ್ವನಕ್ಷೆ. ಎರಡು ದುಂಡನೆಯ ಗೋಳಾರ್ಧ, ಸುತ್ತ ಹೂವು ಹಣ್ಣು ದೇವತೆಗಳು. ಕ್ಯಾಲಿಫೋರ್ನಿಯಾವನ್ನು ದ್ವೀಪ ಮಾಡಿದ್ದಾರೆ. ನಾಲ್ಕು ಮೂಲೆಯಲ್ಲಿ ನಾಲ್ಕು ಮುಖ. ಒಂದರಲ್ಲಿ ಜೂಲಿಯಸ್ ಸೀಸರ್. ಇನ್ನೊಂದರಲ್ಲಿ ಪುರಾತನ ಭೂಗೋಳಜ್ಞ ಟಾಲೆಮಿ. ಮತ್ತೊಂದರಲ್ಲಿ ಮರ್ಕೇಟರ್. ನಾಲ್ಕನೆಯದರಲ್ಲಿ? ಹೆಂಡ್ರಿಕ್‌ನ ಅಪ್ಪ. ತಗಡು ಕಳೆದುಕೊಂಡ ಮಗ ಅಪ್ಪನನ್ನು ಸೀಸರ್‌ನ ಸಾಲಿನಲ್ಲಿ ಕೂರಿಸಿಬಿಟ್ಟ.

ಸುಮ್ನೆ ಒಂದು ಅಡ್ಡ ಮಾತು. ಆ ಕಾಲದ ಡಚ್ ನಕ್ಷೆಗಳಲ್ಲಿ ನಮ್ಮ ವಿಜಯನಗರದ ಕಡೆ ಬೆರಳಿಟ್ಟು ನೋಡಿ. 'ನರ್ಸಿಂಗ' ಅಂತ ಇರುತ್ತದೆ. ಸಾಳುವ ನರಸಿಂಹನ ಹೆಸರನ್ನು ಪೋರ್ಚುಗೀಸರು ರಾಜ್ಯದ ಹೆಸರು ಮಾಡಿಬಿಟ್ಟಿದ್ದರು. ರಾಜ ಹೋದ, ವಂಶವೇ ಬದಲಾಯಿತು. ಹೆಸರು ಮಾತ್ರ ತಗಡಿನಿಂದ ತಗಡಿಗೆ ನಕಲಾಗುತ್ತಾ ನಡೆಯಿತು.

ಈಗ ನಾನು ನಿಜವಾಗಿ ಮಾತಾಡಬೇಕೆಂದುಕೊಂಡು ಬಂದ ಹೆಂಡ್ರಿಕ್. ಗೋಲ್ಟ್ಸಿಯಸ್.

ಹುಟ್ಟಿದ್ದು 1558ರಲ್ಲಿ, ಈಗ ಜರ್ಮನಿಗೆ ಸೇರಿದ ಬ್ರಾಖ್ಟ್ ಎಂಬ ಊರಿನಲ್ಲಿ. ಅಪ್ಪ ಗಾಜಿನ ಮೇಲೆ ಚಿತ್ರ ಬರೆಯುವವನು. ಮಗು ಇನ್ನೂ ಒಂದು ವರ್ಷದ್ದು, ತಡವರಿಸಿಕೊಂಡು ಹೋಗಿ ಬೆಂಕಿಯಲ್ಲಿ ಬಿತ್ತು. ಎರಡೂ ಕೈ ಕೆಂಡದ ಮೇಲೆ. ತಾಯಿ ಪಟ್ಟಿ ಕಟ್ಟಿ ಆರೈಕೆ ಮಾಡುತ್ತಿದ್ದಳು. ಪಕ್ಕದ ಮನೆಯ ಹೆಂಗಸೊಬ್ಬಳು ಬಂದು, 'ನನಗೆ ಇದಕ್ಕಿಂತ ಚೆನ್ನಾಗಿ ಗೊತ್ತು' ಅಂತ ಪಟ್ಟಿ ಬಿಚ್ಚಿ ಬಲಗೈಯನ್ನು ಬಟ್ಟೆಯಲ್ಲಿ ಸುತ್ತಿಬಿಟ್ಟಳು. ಎಲ್ಲ ಊರಲ್ಲೂ ಇಂಥವರು ಒಬ್ಬರು ಇದ್ದೇ ಇರುತ್ತಾರೆ, ಅಲ್ವಾ? ನರಗಳು ಒಂದಕ್ಕೊಂದು ಅಂಟಿಕೊಂಡವು. ಅವನ ಬಲಗೈ ಜೀವಮಾನದಲ್ಲಿ ಪೂರ್ತಿ ಬಿಚ್ಚಲೇ ಇಲ್ಲ.

ಇದನ್ನೆಲ್ಲ ಬರೆದಿಟ್ಟವನು ಕಾರೆಲ್ ವಾನ್ ಮಾಂಡರ್. ಸ್ವತಃ ಚಿತ್ರಕಾರ. ಹಾರ್ಲೆಮ್‌ನಲ್ಲಿ ಗೋಲ್ಟ್ಸಿಯಸ್‌ನ ಗೆಳೆಯ. 1604ರಲ್ಲಿ ಅಚ್ಚಾದ ಚಿತ್ರಕಾರರ ಚರಿತ್ರೆ ಅವನದು. ಗೆಳೆಯನ ಬಗ್ಗೆ ಗೆಳೆಯ ಬರೆದದ್ದು, ಒಂದೆರಡು ಚಮಚ ಸಕ್ಕರೆ ಜಾಸ್ತಿ ಬಿದ್ದಿರಬಹುದು. ಕೈಯ ವಿಷಯದಲ್ಲಿ ಮಾತ್ರ ಅನುಮಾನ ಬೇಡ. ಆ ಕೈಯನ್ನು ನಾವೇ ನೋಡಬಹುದು. 1588ರಲ್ಲಿ ಗೋಲ್ಟ್ಸಿಯಸ್ ಅದನ್ನು ಶಾಯಿಯಲ್ಲಿ ಬರೆದ. ಈಗ ಅದು ಹಾರ್ಲೆಮ್‌ನ ಟೈಲರ್ಸ್ ಮ್ಯೂಸಿಯಮ್ಮಿನಲ್ಲಿದೆ. ಮಣಿಕಟ್ಟಿನಿಂದ ಮೇಲೆ ಬರೀ ಒಂದು ಕೈ. ಬೆರಳುಗಳು ಒಂದೊಂದು ದಿಕ್ಕಿಗೆ ಸೊಟ್ಟಗಾಗಿವೆ. ಚರ್ಮದ ಸುಕ್ಕು, ಉಬ್ಬಿದ ರಕ್ತನಾಳ, ಉಗುರಿನ ಅಂಚು ಎಲ್ಲವೂ ಗೆರೆಗಳಲ್ಲೇ. ದೂರದಿಂದ ನೋಡಿದರೆ ಅಚ್ಚುಚಿತ್ರ ಅನ್ನಿಸುತ್ತದೆ. ಅಲ್ಲ, ಪೆನ್ನಿನ ಕೆಲಸ. ಕೆಳಗೆ ಹೆಸರು, ಇಸವಿ. ಎಷ್ಟೋ ಜನ ಊನವನ್ನು ತೋಳಿನೊಳಗೆ ಮುಚ್ಚಿಡುತ್ತಾರೆ. ಇವನು ಸಹಿ ಹಾಕಿದ.

ಇಂಥ ಕೈಯಲ್ಲಿ ತಾಮ್ರ ಕೆತ್ತುವುದು ಸಾಧ್ಯವಾ? ಇಲ್ಲಿ ನನ್ನ ಅನುಭವ ಸ್ವಲ್ಪ ಹೇಳುತ್ತೇನೆ. ಓದುವ ಕಾಲದಲ್ಲಿ ಒಂದು ಮಳೆಗಾಲ ಪೂರ್ತಿ ಈ ಕೆಲಸ ಕಲಿಯಲು ಒದ್ದಾಡಿದ್ದೇನೆ. ಉಪಕರಣಕ್ಕೆ ಬ್ಯೂರಿನ್ ಅನ್ನುತ್ತಾರೆ. ಚೌಕನೆಯ ಉಕ್ಕಿನ ಕಡ್ಡಿ, ತುದಿ ಓರೆಯಾಗಿ ಮಸೆದದ್ದು, ಹಿಂದೆ ಅಣಬೆಯಂಥ ಮರದ ಹಿಡಿ. ಪೆನ್ಸಿಲಿನ ಹಾಗೆ ಬೆರಳಲ್ಲಿ ಹಿಡಿಯುವುದಲ್ಲ. ಹಿಡಿಯನ್ನು ಅಂಗೈಗೆ ಒತ್ತಿಕೊಂಡು, ಭುಜದ ಬಲದಿಂದ ಮುಂದಕ್ಕೆ ತಳ್ಳುವುದು. ತಗಡು ಮರಳು ತುಂಬಿದ ಚರ್ಮದ ದಿಂಬಿನ ಮೇಲೆ ಇರುತ್ತದೆ. ಗೆರೆ ಬಾಗಬೇಕಾದರೆ ಕೈ ಬಾಗುವುದಿಲ್ಲ, ಎಡಗೈ ತಗಡನ್ನೇ ತಿರುಗಿಸುತ್ತದೆ. ಮುಂದೆ ಕೂದಲಿನಂಥ ತಾಮ್ರದ ಸುರುಳಿ ಏಳುತ್ತಾ ಹೋಗುತ್ತದೆ. ಚೂರು ಜಾಸ್ತಿ ಒತ್ತಿದಿರೋ, ಉಳಿ ಜಾರಿ ಎಡಗೈ ಹೆಬ್ಬೆರಳಿಗೇ ಬರುತ್ತದೆ. ನನ್ನ ಹೆಬ್ಬೆರಳಲ್ಲಿ ಗುರುತು ಈಗಲೂ ಇದೆ, ಆಮೇಲೆ ಬಂದವರಿಗೆ ತೋರಿಸುತ್ತೇನೆ.

ಇನ್ನೊಂದು ಕಷ್ಟ. ನಮ್ಮ ಹಳೇ ತಾಮ್ರಶಾಸನ ಕೆತ್ತಿದವನು ಓದುವುದಕ್ಕೆ ಕೆತ್ತಿದ. ಅಕ್ಷರ ನೆಟ್ಟಗಿದ್ದರೆ ಸಾಕು. ಇವರು ಕೆತ್ತುವುದು ಅಚ್ಚು ಹಾಕುವುದಕ್ಕೆ. ಗೆರೆಯೊಳಗೆ ಶಾಯಿ ತುಂಬಿ, ಮೇಲಿನದನ್ನು ಒರೆಸಿ, ಒದ್ದೆ ಕಾಗದ ಇಟ್ಟು ರೋಲರಿನಲ್ಲಿ ಒತ್ತಬೇಕು. ಹಾಗಾಗಿ ತಗಡಿನ ಮೇಲೆ ಎಲ್ಲವೂ ಉಲ್ಟಾ. ಹೆಸರೂ ಉಲ್ಟಾ.

ಈಗ ಗೋಲ್ಟ್ಸಿಯಸ್‌ನ ಕೈ ನೆನಪಿಸಿಕೊಳ್ಳಿ. ಬೆರಳು ಬಿಚ್ಚುವುದಿಲ್ಲ, ಅಂಗೈ ಸದಾ ಮುದುಡಿರುತ್ತದೆ. ಆ ಮುದುಡಿದ ಅಂಗೈಯಲ್ಲಿ ಬ್ಯೂರಿನ್‌ನ ಹಿಡಿ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ. ಬೆರಳಿನ ಆಟ ಇಲ್ಲದ್ದರಿಂದ ಇಡೀ ತೋಳಿನಿಂದ ತಳ್ಳುವುದನ್ನು ಅವನು ಕಲಿತ. ಅವನ ಗೆರೆ ನೋಡಿ. ಕೂದಲೆಳೆಯಷ್ಟು ಸಣ್ಣಗೆ ಶುರುವಾಗಿ, ನಡುವೆ ದಪ್ಪ ಉಬ್ಬಿ, ಮತ್ತೆ ಸಣ್ಣಗಾಗಿ ಮಾಯವಾಗುತ್ತದೆ. ಅಂಥ ಗೆರೆಗಳು ಸಾಲಾಗಿ ಹೋದಾಗ ತೋಳಿನ ಸ್ನಾಯು ಕಾಗದದಿಂದ ಎದ್ದು ಬರುತ್ತದೆ. 1589ರಲ್ಲಿ ಅವನು ಮಾಡಿದ ಹರ್ಕ್ಯುಲಿಸ್‌ನ ಮೈಯಲ್ಲಿ ಎಷ್ಟು ಉಬ್ಬು ಅಂದರೆ, ಡಚ್ಚರು ಅದಕ್ಕೆ 'ಗೆಡ್ಡೆ ಮನುಷ್ಯ' ಅಂತ ಅಡ್ಡಹೆಸರಿಟ್ಟರು. ನನಗೂ ಅದು ಆಲೂಗಡ್ಡೆ ಮೂಟೆಯ ಹಾಗೇ ಕಾಣುತ್ತದೆ. ಆದರೆ ಆ ಗೆರೆಗಳ ಮೇಲೆ ಭೂತಗನ್ನಡಿ ಇಟ್ಟು ನೋಡಿ, ನಗು ನಿಂತುಹೋಗುತ್ತದೆ.

1590ರ ಕೊನೆಯಲ್ಲಿ ಇವನಿಗೆ ಕ್ಷಯದಂಥ ಕಾಯಿಲೆ. ರಕ್ತ ಕಾರುತ್ತಿದ್ದ. ಆಡಿನ ಹಾಲು ಕುಡಿದದ್ದಾಯಿತು, ವೈದ್ಯರು ಕೈಬಿಟ್ಟದ್ದಾಯಿತು. ಸಾಯುವುದಾದರೆ ಇಟಲಿ ನೋಡಿಯೇ ಸಾಯೋಣ ಅಂತ ಹೊರಟ. ಆ ಹೊತ್ತಿಗಾಗಲೇ ಯುರೋಪಿನ ಅಂಗಡಿಗಳಲ್ಲೆಲ್ಲ ಅವನ ಹಾಳೆಗಳಿದ್ದವು. ಇವನು ಮಾಡಿದ್ದೇನು ಗೊತ್ತಾ? ಜೊತೆಗಿದ್ದ ಆಳನ್ನು ಯಜಮಾನ ಮಾಡಿದ, ತಾನು ಆಳಾದ. ಮ್ಯೂನಿಕ್‌ನಲ್ಲಿ ಸಾಡೆಲರ್ ಎಂಬ ಇನ್ನೊಬ್ಬ ಹೆಸರಾಂತ ಕೆತ್ತನೆಗಾರನ ಮನೆಗೆ ಚೀಸ್ ವ್ಯಾಪಾರಿಯ ವೇಷದಲ್ಲಿ ಹೋದ. ಊಟದ ಮೇಜಿನಲ್ಲಿ ಗೋಲ್ಟ್ಸಿಯಸ್‌ನ ಕೆಲಸದ ಬಗ್ಗೆ ಮಾತು ನಡೆಯುತ್ತಿತ್ತು. ಇವನು ಪಕ್ಕದಲ್ಲಿ ಕೂತು ಕೇಳಿಸಿಕೊಂಡ. ನಮ್ಮ ಬಗ್ಗೆ ಜನ ಬೆನ್ನ ಹಿಂದೆ ಏನು ಹೇಳುತ್ತಾರೆ ಅಂತ ಕೇಳುವ ಆಸೆ ಯಾರಿಗಿಲ್ಲ ಹೇಳಿ. ರೋಮಿನಲ್ಲಿ ಅವನ ಹೆಸರು ಹೆಂಡ್ರಿಕ್ ವಾನ್ ಬ್ರಾಖ್ಟ್. ಬ್ರಾಖ್ಟ್‌ನ ಹೆಂಡ್ರಿಕ್ ಅಂತ, ಅಷ್ಟೇ. ಸುಳ್ಳು ಕೂಡ ಅಲ್ಲ. ಹೆಸರು ಅಷ್ಟು ಸಾಮಾನ್ಯವಾದದ್ದು ಅವನಿಗೆ ಅನುಕೂಲವೇ ಆಯಿತು.

ಆ ವರ್ಷ ರೋಮಿನಲ್ಲಿ ಬರಗಾಲ. ಬೀದಿಯಲ್ಲೇ ಜನ ಸಾಯುತ್ತಿದ್ದರು. ಆ ನಾತದ ನಡುವೆ ಕೂತು ಹಳೇ ಕಲ್ಲಿನ ಮೂರ್ತಿಗಳನ್ನು ಒಂದಾದಮೇಲೊಂದು ಬರೆದ. ಆಮೇಲೆ ನೇಪಲ್ಸ್ ಕಡೆ ಹೊರಟ. ದಾರಿಯ ಜೊತೆಗಾರರಲ್ಲಿ ಫಿಲಿಪ್ಸ್ ವಾನ್ ವಿಂಗೆನ್ ಅನ್ನುವ ವಿದ್ವಾಂಸ ಇದ್ದ. ಅವನಿಗೆ ನಕ್ಷೆಗಾರ ಓರ್ಟೇಲಿಯಸ್‌ನಿಂದ ಕಾಗದ ಬಂದಿತ್ತು. ಗೋಲ್ಟ್ಸಿಯಸ್ ಇಟಲಿಯಲ್ಲಿದ್ದಾನೆ, ಕೈ ಹೀಗ್ಹೀಗೆ ಇದೆ, ಸಿಕ್ಕರೆ ನೋಡು ಅಂತ. ವಾನ್ ವಿಂಗೆನ್ ಆ ಕಾಗದವನ್ನು ಪಕ್ಕದಲ್ಲಿದ್ದ ಹೆಂಡ್ರಿಕ್‌ಗೇ ಓದಿ ಹೇಳಿದ! ಇನ್ನೊಬ್ಬ ಗೆಳೆಯ ತಡೆಯಲಾರದೆ ನಕ್ಕು, 'ಇವನೇ ಗೋಲ್ಟ್ಸಿಯಸ್' ಅಂದ. ಆತ ನಂಬಲಿಲ್ಲ. ಮಾಸಿದ ಬಟ್ಟೆಯ ಈ ಮನುಷ್ಯನಾ? ಕೊನೆಗೆ ಹೆಂಡ್ರಿಕ್ ಎರಡು ವಸ್ತು ಮುಂದೆ ಹಿಡಿದ. ಒಂದು, ಆ ಬಲಗೈ. ಇನ್ನೊಂದು, ತನ್ನ ಕರವಸ್ತ್ರ. ಅದರ ಮೇಲೆ 'ಎಚ್' ಮತ್ತು 'ಜಿ' ಹೆಣೆದುಕೊಂಡ ಗುರುತು. ಅವನ ಅಚ್ಚುಚಿತ್ರಗಳ ಮೂಲೆಯಲ್ಲಿರುವ ಅದೇ ಗುರುತು. ಆಮೇಲೆ ಆತ ನಂಬಿದ.

ಎರಡಕ್ಷರದ ಆ ಗುರುತಿಗೆ ಎಷ್ಟು ಬೆಲೆ ಅಂತ ಗೋಲ್ಟ್ಸಿಯಸ್‌ಗೆ ಚೆನ್ನಾಗಿ ಗೊತ್ತಿತ್ತು. ಊರಿಗೆ ಬಂದ ಮೇಲೆ, 1593-94ರಲ್ಲಿ, ಮೇರಿಯ ಬದುಕಿನ ಆರು ಚಿತ್ರ ಕೆತ್ತಿದ. ಒಂದೊಂದೂ ಒಬ್ಬೊಬ್ಬ ದೊಡ್ಡ ಕಲಾವಿದನ ಕೈಬರಹದಲ್ಲಿ. ಏಸುವಿನ ಸುನ್ನತಿಯ ಚಿತ್ರ ಹಿಂದಿನ ಕಾಲದ ಜರ್ಮನ್ ಕಲಾವಿದ ಡ್ಯೂರರ್‌ನ ಶೈಲಿಯದು. ಜಾಗ ಮಾತ್ರ ಹಾರ್ಲೆಮ್‌ನ ಸೇಂಟ್ ಬಾವೋ ಚರ್ಚು. ಹಿಂದಿನ ಗುಂಪಿನಲ್ಲಿ ತನ್ನ ಮುಖವನ್ನೂ ಇಟ್ಟ. ಆಮೇಲೆ ಒಂದು ಕಿಲಾಡಿತನ ಮಾಡಿದ. ಕೆಲವು ಹಾಳೆಗಳಲ್ಲಿ ತನ್ನ ಮುಖ ಮತ್ತು ಗುರುತು ಇರುವ ಜಾಗವನ್ನು ಕಾದ ಕಬ್ಬಿಣದಿಂದ ಸುಟ್ಟ. ಹಾಳೆಗೆ ಹೊಗೆ ಹಿಡಿಸಿ, ಮುದುರಿ, ಹಳೇದು ಮಾಡಿದ. ರೋಮ್, ವೆನಿಸ್, ಆಮ್‌ಸ್ಟರ್‌ಡ್ಯಾಮಿಗೆ ಕಳಿಸಿದ. ಬಲ್ಲವರೆಲ್ಲ ಮುಗಿಬಿದ್ದರು. ಡ್ಯೂರರ್ ಸಾಯುವಾಗ, 'ಈ ತಗಡನ್ನು ನೂರು ವರ್ಷ ಬಚ್ಚಿಡಿ, ಆಗಲೂ ನನಗೆ ಬೆಲೆಯಿದ್ದರೆ ಅಚ್ಚು ಹಾಕಿ' ಅಂತ ಹೇಳಿಹೋಗಿದ್ದ ಅನ್ನುವ ಕತೆಯೂ ಹುಟ್ಟಿತು. 'ಗೋಲ್ಟ್ಸಿಯಸ್‌ನಿಂದ ಹೀಗೆ ಮಾಡಲು ಆಗುತ್ತಿತ್ತಾ?' ಅಂತ ಕೆಲವರು ಅಂದರಂತೆ. ಆಮೇಲೆ ಸುಡದ, ಹೊಸ ಹಾಳೆಯನ್ನು ಅವರ ಮುಂದಿಟ್ಟರು. ಗುರುತು ಅಲ್ಲೇ ಇತ್ತು, ಮುಖವೂ ಇತ್ತು.

ಅವನ ಧ್ಯೇಯವಾಕ್ಯ ಕೂಡ ಹೆಸರಿನ ಮೇಲೇ. ಗೋಲ್ಟ್ಸಿಯಸ್‌ನ ಒಳಗೆ 'ಗೋಲ್ಟ್' ಇದೆ, ಅಂದರೆ ಚಿನ್ನ. 'ಚಿನ್ನಕ್ಕಿಂತ ಮಾನ ಮೇಲು' ಅಂತ ಬರೆದುಕೊಂಡಿದ್ದ. 1600ರ ಹೊತ್ತಿಗೆ ಕೆತ್ತನೆ ಬಿಟ್ಟು ಎಣ್ಣೆಬಣ್ಣಕ್ಕೆ ಬಂದ. ನಿಜ ಹೇಳಬೇಕೆಂದರೆ ಅವನ ಬಣ್ಣದ ಚಿತ್ರಗಳು ನನಗೆ ಅಷ್ಟಕ್ಕಷ್ಟೆ.

ಅದೇ ಹಾರ್ಲೆಮ್‌ನಲ್ಲಿ ಇನ್ನೊಬ್ಬ ಹೆಂಡ್ರಿಕ್, ಕಾರ್ನೆಲಿಸನ ಮಗ, ವ್ರೋಮ್. 'ವ್ರೋಮ್' ಅಂದರೆ ದೈವಭಕ್ತ. ಹೆಸರು ಮಾಡಿದ್ದು ಹಡಗುಗಳ ಚಿತ್ರದಿಂದ. ಒಮ್ಮೆ ಪೋರ್ಚುಗಲ್ಲಿನ ಹತ್ತಿರ ಇವನ ಹಡಗು ಒಡೆಯಿತು. ದಡದವರು ಇವರನ್ನು ಇಂಗ್ಲಿಷ್ ಕಡಲ್ಗಳ್ಳರು ಅಂದುಕೊಂಡರು. ಅಷ್ಟರಲ್ಲಿ ಇವನ ಪೆಟ್ಟಿಗೆಯ ದೇವರ ಚಿತ್ರಗಳು ಅಲೆಯಲ್ಲಿ ತೇಲಿ ದಡಕ್ಕೆ ಬಂದವು. ಮಠದ ಸನ್ಯಾಸಿಗಳು ನೋಡಿ, 'ಇವರು ಕ್ರೈಸ್ತರೇ' ಅಂತ ಮೇಲೆತ್ತಿದರು. ಇದೂ ವಾನ್ ಮಾಂಡರ್ ಹೇಳಿದ ಕತೆಯೇ. ಸ್ಪೇನಿನ ನೌಕಾಪಡೆ ಆರ್ಮಾಡಾ ಸೋತ ಯುದ್ಧದ ಮೇಲೆ ಇಂಗ್ಲೆಂಡಿನ ನೌಕಾಪತಿಗಾಗಿ ಹತ್ತು ನೇಯ್ದ ಚಿತ್ರಪಟಗಳ ವಿನ್ಯಾಸ ಮಾಡಿದವನೂ ಇವನೇ. ಅವು ಲಂಡನ್ನಿನ ಪಾರ್ಲಿಮೆಂಟಿನ ಗೋಡೆಯಲ್ಲಿ ತೂಗುತ್ತಿದ್ದವು. 1834ರ ಬೆಂಕಿಯಲ್ಲಿ ಸುಟ್ಟುಹೋದವು. ಜಾನ್ ಪೈನ್ ಎಂಬವನು 1739ರಲ್ಲಿ ಅವನ್ನು ನೋಡಿ ತಾಮ್ರದಲ್ಲಿ ಕೆತ್ತಿಟ್ಟಿದ್ದಕ್ಕೆ ನಮಗೆ ಅವು ಹೇಗಿದ್ದವು ಅಂತ ಗೊತ್ತು. ನೀರಿನಿಂದ ಚಿತ್ರ ಇವನನ್ನು ಉಳಿಸಿತು. ಬೆಂಕಿಯಿಂದ ಇವನ ಚಿತ್ರವನ್ನು ಅಚ್ಚು ಉಳಿಸಿತು.

ಆವರ್‌ಕಾಂಪ್‌ನನ್ನು ನೀವೆಲ್ಲ ಎಲ್ಲೋ ನೋಡಿರುತ್ತೀರಿ, ಕ್ಯಾಲೆಂಡರಿನಲ್ಲೋ ಗ್ರೀಟಿಂಗ್ ಕಾರ್ಡಿನಲ್ಲೋ. ಹಿಮ, ಹೆಪ್ಪುಗಟ್ಟಿದ ಹೊಳೆ, ಅದರ ಮೇಲೆ ಇರುವೆಗಳ ಹಾಗೆ ಜನ. 1585ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಹುಟ್ಟಿ, ಕಾಂಪೆನ್ ಎಂಬ ಊರಿನಲ್ಲಿ ಬೆಳೆದ. ಅಪ್ಪ ಔಷಧಿ ಅಂಗಡಿಯವನು. ಹುಡುಗನಿಗೆ ಮಾತು ಬರುತ್ತಿರಲಿಲ್ಲ. ಬಹುಶಃ ಕಿವಿಯೂ ಕೇಳಿಸುತ್ತಿರಲಿಲ್ಲ. ಊರವರಿಗೆ ಅವನು ಹೆಂಡ್ರಿಕ್ ಅಲ್ಲ, 'ಕಾಂಪೆನ್ನಿನ ಮೂಗ'. ತಾಯಿ 1633ರಲ್ಲಿ ಉಯಿಲು ಬರೆಯುವಾಗ ಈ ಮಗನ ಚಿಂತೆ ಮಾಡಿದ್ದಾಳೆ. ಮದುವೆಯಾಗಿಲ್ಲ, ನನ್ನ ನಂತರ ಇವನ ಗತಿಯೇನು ಅಂತ. ಆ ವರ್ಷದ ಕೊನೆಗೆ ಅವಳು ಹೋದಳು. ಮುಂದಿನ ಮೇ ತಿಂಗಳಲ್ಲಿ ಅವನೂ ಹೋದ.

ಅವನ ಒಂದು ಚಿತ್ರ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಮ್ಮಿನಲ್ಲಿದೆ. 1608ರ ಸುಮಾರಿನದು. ಆ ಚಳಿಗಾಲ ಭಯಂಕರವಾಗಿತ್ತು. ಮೊದಲಿಗೆ ಎಲ್ಲ ಖುಷಿಯಾಗಿ ಕಾಣುತ್ತದೆ. ಹತ್ತಿರ ಹೋಗಿ. ಎಡಮೂಲೆಯಲ್ಲಿ ಹಳೇ ಬಾಗಿಲೊಂದನ್ನು ಕೋಲಿಗೆ ಆನಿಸಿ ಹಕ್ಕಿ ಹಿಡಿಯುವ ಬೋನು ಮಾಡಿದ್ದಾರೆ. ಕಾಳು ತಿನ್ನಲು ಬಂದ ಹಕ್ಕಿಗೆ ಗೊತ್ತಿಲ್ಲ. ಪಕ್ಕದಲ್ಲೇ ಸತ್ತ ಪ್ರಾಣಿಯನ್ನು ನಾಯಿ ಎಳೆಯುತ್ತಿದೆ. ಯಾರೋ ಬಹಿರ್ದೆಸೆಗೆ ಕೂತಿದ್ದಾರೆ, ಪ್ಯಾಂಟು ಕೆಳಗಿದೆ. ಇಷ್ಟೆಲ್ಲ ಗದ್ದಲ, ಬರೆದವನಿಗೆ ಸದ್ದಿಲ್ಲ. ಬಲಗಡೆ ಒಂದು ಮರದ ಶೆಡ್ಡು. ಅದರ ಹಲಗೆಯ ಮೇಲೆ ಪೋಲಿ ಹುಡುಗರು ಗೀಚಿದ ಹಾಗೆ ಒಂದು ಬರಹ ಇದೆ: 'ಹೇನ್ರಿಕಸ್ ಆವ್'. ಅದು ಸಹಿ. ಊರು 'ಮೂಗ' ಅಂತ ಕರೆದವನು ತನ್ನ ಹೆಸರನ್ನು ಗೋಡೆಯ ಮೇಲೆ ಗೀಚಿಟ್ಟ.

ಟೆರ್ ಬ್ರುಗ್ಗೆನ್ ಬಗ್ಗೆ ಎರಡೇ ಮಾತು. ಉಟ್ರೆಕ್ಟ್‌ನಲ್ಲಿ ಕೆಲಸ ಮಾಡಿ 1629ರಲ್ಲಿ ತೀರಿಕೊಂಡವನು. ಇಟಲಿಗೆ ಹೋಗಿ ಅಲ್ಲಿನ ಚಿತ್ರಕಾರ ಕಾರವಾಜೊನ ಕತ್ತಲೆ ಬೆಳಕನ್ನು ಕಲಿತು ಬಂದ. ಆಮೇಲೆ ಜನ ಅವನನ್ನು ಮರೆತರು. ಲಂಡನ್ನಿನ ದಕ್ಷಿಣ ಹ್ಯಾಕ್ನಿಯಲ್ಲಿ ಯುದ್ಧದ ಬಾಂಬಿಗೆ ಸಿಕ್ಕ ಒಂದು ಚರ್ಚಿನಲ್ಲಿ ಶಿಲುಬೆಯ ಚಿತ್ರವೊಂದಿತ್ತು. ಮಾರಾಟಕ್ಕೆ ಬಂದದ್ದು 1956ರಲ್ಲಿ. ಶಿಲುಬೆಯ ಬುಡದಲ್ಲಿ ಒಂದರೊಳಗೊಂದು ಹೆಣೆದ ಮೂರು ಅಕ್ಷರ: ಎಚ್, ಟಿ, ಬಿ. ಇಸವಿಯ ಕೊನೆಯ ಅಂಕಿ ಓದಲಾಗುವುದಿಲ್ಲ. ಈಗ ಅದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ.

ಕೊನೆಯವನು ಗೌಟ್. ಗೌಡ ಅಲ್ಲ, ಗೌಟ್! ಇವನ ಗುರುತೂ ಎಚ್ ಮತ್ತು ಜಿ. ಹಳೇ ಡಚ್ ಕಾಗುಣಿತದಲ್ಲಿ ಇವನ ಹೆಸರಿಗೂ ಚಿನ್ನ ಅಂತಲೇ ಅರ್ಥ. ಗೋಲ್ಟ್ಸಿಯಸ್ ಜೀವಮಾನ ಪೂರ್ತಿ ಕೆತ್ತಿ ನೂರಾರು ಹಾಳೆ ಬಿಟ್ಟುಹೋದ. ಈ ಇನ್ನೊಬ್ಬ ಚಿನ್ನದ ಹೆಂಡ್ರಿಕ್ ಕೆತ್ತಿದ್ದು ಬರೀ ಏಳು. ಏಳೂ ಒಬ್ಬನೇ ಚಿತ್ರಕಾರನವು, ರೋಮಿನಲ್ಲಿದ್ದ ಜರ್ಮನ್ ಆಡಮ್ ಎಲ್ಸ್‌ಹೈಮರ್‌ನವು. ಎಲ್ಸ್‌ಹೈಮರ್ ತಾಮ್ರದ ಮೇಲೆ ಅಂಗೈಯಗಲದ ಚಿತ್ರಗಳನ್ನು ಬಣ್ಣದಲ್ಲಿ ಬರೆಯುತ್ತಿದ್ದ. ರಾತ್ರಿಯ ಆಕಾಶ, ಹಾಲುಹಾದಿಯ ನಕ್ಷತ್ರ, ನೀರಿನಲ್ಲಿ ಚಂದ್ರ. ಗೌಟ್ ಅವನ ಮನೆಯಲ್ಲೇ ಇದ್ದ, ಆ ಕತ್ತಲೆಯನ್ನು ಗೆರೆಗಳಲ್ಲಿ ನೇಯುವುದನ್ನು ಕಲಿತ. ಕೆಳಗಡೆ ಲ್ಯಾಟಿನ್ ಪದ್ಯ, ಬಳುಕುವ 'ಹೆನ್ರಿಕಸ್ ಗೌಟ್', ಜೊತೆಗೆ ಕೌಂಟ್ ಅನ್ನುವ ಬಿರುದು. ಬಿರುದಿನ ಶೋಕಿ ಸ್ವಲ್ಪ ಜಾಸ್ತಿಯೇ ಇತ್ತು ಅನ್ನಿ. 1610ರಲ್ಲಿ ಎಲ್ಸ್‌ಹೈಮರ್ ಸಾಲ, ಕಷ್ಟದಲ್ಲಿ ಸತ್ತ. ಗೌಟ್ ಉಟ್ರೆಕ್ಟ್‌ಗೆ ಬಂದು ಉಳಿದವನ್ನು ಕೆತ್ತಿ ಮುಗಿಸಿದ. 1613ರ ನಂತರ ಏನೂ ಇಲ್ಲ. ಆಮೇಲೆ ಬುದ್ಧಿ ಕೆಟ್ಟಿತು. ಯಾರೋ ಹೆಂಗಸು ವಶೀಕರಣದ ಮದ್ದು ಹಾಕಿದಳು ಅಂತ ಆ ಕಾಲದ ಸ್ಯಾಂಡ್ರಾರ್ಟ್ ಎಂಬ ಚಿತ್ರಕಾರ ಬರೆದಿದ್ದಾನೆ. ಇಂಥ ಕತೆಗೆ ಯಾವ ದೇಶವೂ ಬಡವಲ್ಲ. 1648ರ ತನಕ ಬದುಕಿದ್ದ.

ಆ 1613ರ ಹಾಳೆಗಳಲ್ಲಿ ಒಂದರಲ್ಲಿ ಟೊಬಿಯಸ್ ಎಂಬ ಹುಡುಗ ದೊಡ್ಡ ಮೀನು ಎಳೆದುಕೊಂಡು ಹೋಗುತ್ತಿದ್ದಾನೆ. ಜೊತೆಗೆ ದೇವದೂತ. ಹರ್ಕ್ಯೂಲಿಸ್ ಸೇಗರ್ಸ್ ಎಂಬ ಡಚ್ ಕಲಾವಿದ ಗೌಟ್‌ನ ಆ ಹಾಳೆ ನೋಡಿ, ಅದನ್ನೇ ತನ್ನ ತಗಡಿನ ಮೇಲೆ ತಂದ. ಅವನು ಸತ್ತ ಮೇಲೆ ಆ ತಗಡು ರೆಂಬ್ರಾಂಟ್‌ನ ಕೈಸೇರಿತು. 1653ರ ಸುಮಾರಿಗೆ ರೆಂಬ್ರಾಂಟ್ ಟೊಬಿಯಸ್‌ನನ್ನೂ ದೇವದೂತನನ್ನೂ ಉಜ್ಜಿ ಅಳಿಸಿದ. ಆ ಜಾಗದಲ್ಲಿ ಮರಗಳನ್ನು ಹಾಕಿ, ಕತ್ತೆಯ ಮೇಲೆ ಮೇರಿ ಮತ್ತು ಮಗು, ಪಕ್ಕದಲ್ಲಿ ಜೋಸೆಫ್‌ನನ್ನು ಬರೆದ. ಉಳಿದ ಬೆಟ್ಟ, ಬಯಲು ಸೇಗರ್ಸ್‌ನದೇ.

ಇವತ್ತು ಅದನ್ನು ರೆಂಬ್ರಾಂಟ್‌ನ ಹಾಳೆ ಅಂತಲೇ ಗೋಡೆಗೆ ಹಾಕುತ್ತಾರೆ. ಎಲ್ಸ್‌ಹೈಮರ್‌ನ ಹೆಸರಿಲ್ಲ, ಹೆನ್ರಿಕಸ್‌ನ ಬಳುಕು ಸಹಿಯಂತೂ ಇಲ್ಲ. ಆದರೆ ತಾಮ್ರದಲ್ಲಿ ಕೊರೆದದ್ದನ್ನು ಎಷ್ಟು ಉಜ್ಜಿದರೂ ಪೂರ್ತಿ ಹೋಗುವುದಿಲ್ಲ. ಬಲಗಡೆಯ ಮರಗಳ ನಡುವೆ, ಎಲೆಗಳ ಒಳಗೆ ಸ್ವಲ್ಪ ಹೊತ್ತು ಕಣ್ಣಿಟ್ಟು ನೋಡಿ. ಎಲೆಯಲ್ಲದ ಒಂದಿಷ್ಟು ಗೆರೆ ಕಾಣುತ್ತದೆ. ಅದು ದೇವದೂತನ ರೆಕ್ಕೆ.